ಲೇಸರ್ ನಂಬುವ ಮುಂಚೆ ಒಂದು ಸುತ್ತು ತಿರುಗಿಸಿ ನೋಡಿ

(ಶಿವಮೊಗ್ಗದಲ್ಲಿ ಆಕಾಶ ನೋಡುವ ಹುಚ್ಚಿರುವ ಒಂದಷ್ಟು ಜನರ ಮುಂದೆ ಆಡಿದ ಮಾತು. ಬರೆಯುವಾಗ ಲೆಕ್ಕಗಳನ್ನು ಸರಿಯಾಗಿ ಸೇರಿಸಿದ್ದೇನೆ. ಮೈಕ್ ಕೈಕೊಟ್ಟಿದ್ದನ್ನೂ ನಡುವೆ ಕರೆಂಟ್ ಹೋಗಿದ್ದನ್ನೂ ಬಿಟ್ಟಿದ್ದೇನೆ.)

ನಮ್ಮ ತೋಟದ ಉತ್ತರದ ಅಂಚಿನಲ್ಲಿ ಒಂದು ಅಡಿಕೆ ಮರ ಇದೆ. ನೆಲದಿಂದ ಮೂರು ಆಳೆತ್ತರದ ಮೇಲೆ ಅದರ ಮೈಗೆ ಒಂದು ಸುಣ್ಣದ ಪಟ್ಟೆ ಬಳಿದಿದ್ದೇವೆ. ಬಿಸಿಲಿಗೆ ಕಾಂಡ ಸೀಳಬಾರದು ಅಂತ ಅಡಿಕೆಗೆ ಸುಣ್ಣ ಹೊಡೆಯುವುದು ನಮ್ಮ ಕಡೆ ಹೊಸದಲ್ಲ. ಆದರೆ ಇಡೀ ತೋಟದಲ್ಲಿ ಒಂದೇ ಮರಕ್ಕೆ, ಅದೂ ಅಷ್ಟು ಮೇಲೆ, ಒಂದೇ ಒಂದು ಗೇಣು ಅಗಲ! ಮನೆಗೆ ಬಂದವರೆಲ್ಲ ಕೇಳುತ್ತಾರೆ, "ಎಂತಕ್ಕೆ ಮಾರಾಯ ಅದು, ಗಡಿ ಗುರುತಾ?" ನಮ್ಮನೆ ಟೆಲಿಸ್ಕೋಪಿನ ಪಾಲಿಗೆ ಆಕಾಶದ ಉತ್ತರ ಧ್ರುವ, ಅಂದರೆ ನಕ್ಷತ್ರಗಳೆಲ್ಲ ಯಾವ ಬಿಂದುವಿನ ಸುತ್ತ ತಿರುಗಿದ ಹಾಗೆ ಕಾಣುತ್ತವೋ ಅದು, ಇರುವುದು ಅಲ್ಲೇ ಅಂದರೆ ಸುಮ್ನೆ ನಗುತ್ತಾರೆ. ಆ ಪಟ್ಟೆ ಅಲ್ಲಿಗೆ ಹೇಗೆ ಹೋಯಿತು ಅಂತ ಹೇಳುವುದೇ ಇವತ್ತಿನ ಮಾತು. ದಾರಿ ಸ್ವಲ್ಪ ಸುತ್ತು.

ಮದುವೆಯಲ್ಲಿ ಅರುಂಧತಿ ತೋರಿಸುವುದನ್ನು ನೀವೆಲ್ಲ ನೋಡಿದ್ದೀರಿ. ಮಟಮಟ ಮಧ್ಯಾಹ್ನ ಪುರೋಹಿತರು ಮದುಮಕ್ಕಳನ್ನು ಚಪ್ಪರದ ಹೊರಗೆ ಕರೆದುಕೊಂಡು ಹೋಗಿ ಬೆರಳು ಮೇಲೆತ್ತುತ್ತಾರೆ. "ಕಾಣಿಸ್ತಾ?" ಅಂದರೆ ಇಬ್ಬರೂ ಕಣ್ಣು ಕಿರಿದು ಮಾಡಿ "ಹ್ಞೂಂ" ಅನ್ನುತ್ತಾರೆ. ರಾತ್ರಿ ನಿಜವಾದ ನಕ್ಷತ್ರ ಎದುರಿಗೆ ಇದ್ದಾಗಲೂ ಬೆರಳಿನ ಕಥೆ ಹೆಚ್ಚುಕಮ್ಮಿ ಇಷ್ಟೇ. ನಾನು ಇಲ್ಲಿಂದ ತೋರಿಸಿದ್ದು ಪಕ್ಕದಲ್ಲಿ ನಿಂತವರಿಗೆ ಬೇರೆ ಎಲ್ಲೋ ಕಾಣುತ್ತದೆ. ಹಳಬರಿಗೆ ಇದು ಗೊತ್ತಿತ್ತು. ಮೊದಲು ಸಪ್ತರ್ಷಿ ಮಂಡಲ ತೋರಿಸು, ಆಮೇಲೆ ಅದರ ಬಾಲದಲ್ಲಿರುವ ವಸಿಷ್ಠ, ಆಮೇಲೆ ವಸಿಷ್ಠನ ಮಗ್ಗುಲಲ್ಲೇ ಮಿಣುಕುವ ಅರುಂಧತಿ. ದೊಡ್ಡದರಿಂದ ಚಿಕ್ಕದಕ್ಕೆ ಹೋಗುವ ಇದಕ್ಕೆ ಅರುಂಧತೀ ನ್ಯಾಯ ಅಂತಲೇ ಹೆಸರು. ಹಸಿರು ಲೇಸರ್ ಬಂದ ಮೇಲೆ ಆ ಕಷ್ಟ ತಪ್ಪಿತು. ಗುಂಡಿ ಒತ್ತಿದರೆ ಸಾಕು, ಗೆರೆ ಹೋಗಿ ನಕ್ಷತ್ರಕ್ಕೆ ಮುಟ್ಟಿದ ಹಾಗೇ ಕಾಣುತ್ತದೆ.

ಮುಟ್ಟುವುದಿಲ್ಲ ಬಿಡಿ. ಧ್ರುವ ನಕ್ಷತ್ರ ಇರುವುದು 400ಕ್ಕೂ ಜಾಸ್ತಿ ಜ್ಯೋತಿರ್ವರ್ಷ ದೂರದಲ್ಲಿ. ನಮಗೆ ಕಾಣುವ ಹಸಿರು ಗೆರೆ ಅಂದರೆ ಗಾಳಿಯಲ್ಲಿರುವ ಅಣುಗಳಿಗೂ ದೂಳಿಗೂ ಇಬ್ಬನಿಗೂ ಬಡಿದು ನಮ್ಮ ಕಡೆ ಚದುರಿದ ಚೂರು ಬೆಳಕು, ಅಷ್ಟೇ. ಹಾಗಾದರೆ ಎಲ್ಲರಿಗೂ ಅದು ಅದೇ ನಕ್ಷತ್ರವನ್ನು ಯಾಕೆ ತೋರಿಸಬೇಕು? ರೈಲು ಹಳಿ ನೆನಪಿಸಿಕೊಳ್ಳಿ. ಎರಡು ಹಳಿಗಳೂ ಎಲ್ಲೂ ಸೇರುವುದಿಲ್ಲ, ಆದರೆ ನಿಂತು ನೋಡಿದರೆ ದೂರದಲ್ಲಿ ಒಂದೇ ಚುಕ್ಕಿಗೆ ಹೋಗಿ ಸೇರಿದ ಹಾಗೆ ಕಾಣುತ್ತವೆ. ಲೇಸರ್ ಗೆರೆ ಒಂದು ಹಳಿ, ನಿಮ್ಮ ಕಣ್ಣಿನಿಂದ ಆ ನಕ್ಷತ್ರಕ್ಕೆ ಹೋಗುವ ನೋಟ ಇನ್ನೊಂದು ಹಳಿ. ಆದರೆ ಗೆರೆ ಕಾಣುವುದು ಒಂದಷ್ಟು ದೂರದ ತನಕ ಮಾತ್ರ. ಒಂದು ಕಿಲೋಮೀಟರ್ ತನಕ ಕಂಡಿತು ಅಂತ ಇಟ್ಟುಕೊಳ್ಳಿ, ನೀವು ಲೇಸರಿನಿಂದ ಮೂರು ಮೀಟರ್ ಪಕ್ಕಕ್ಕೆ ನಿಂತಿದ್ದರೆ ಗೆರೆಯ ತುದಿ ನಿಮಗೆ ಸುಮಾರು 0.17 ಡಿಗ್ರಿ ಆಚೆ ಕಾಣುತ್ತದೆ, ಅಂದರೆ ಹುಣ್ಣಿಮೆ ಚಂದ್ರನ ಮೂರನೇ ಒಂದು ಪಾಲು. ಮಕ್ಕಳಿಗೆ ನಕ್ಷತ್ರ ತೋರಿಸಲು ಇದು ಲೆಕ್ಕಕ್ಕೇ ಇಲ್ಲ. ಟೆಲಿಸ್ಕೋಪ್ ಕೂರಿಸುವಾಗ ಲೆಕ್ಕಕ್ಕೆ ಬರುತ್ತದೆ, ಆಗ ಕಣ್ಣು ಲೇಸರಿನ ಪಕ್ಕದಲ್ಲೇ ಇರಲಿ.

ಹಸಿರೇ ಯಾಕೆ ಅಂತ ಕೇಳುತ್ತಾರೆ. ನಮ್ಮ ಕಣ್ಣಿಗೆ ಹಸಿರು ಇಷ್ಟ. 532 ನ್ಯಾನೋಮೀಟರಿನ ಹಸಿರು, ಅಷ್ಟೇ ಶಕ್ತಿಯ 650ರ ಕೆಂಪಿಗಿಂತ ಸುಮಾರು ಎಂಟು ಪಟ್ಟು ಜೋರಾಗಿ ಕಾಣುತ್ತದೆ. ಗಾಳಿಯ ಅಣುಗಳು ಹಸಿರನ್ನು ಚದುರಿಸುವುದೂ ಜಾಸ್ತಿ.

ಈಗ ನನ್ನ ಪೆದ್ದುತನದ ಕಥೆ.

ನನ್ನದು ಆರು ಇಂಚಿನ ನ್ಯೂಟನ್ ಮಾದರಿಯ ಟೆಲಿಸ್ಕೋಪ್, ಫೋಕಲ್ ಲೆಂತ್, ಅಂದರೆ ದೊಡ್ಡ ಕನ್ನಡಿಯಿಂದ ಚಿತ್ರ ಮೂಡುವ ಜಾಗಕ್ಕೆ ಇರುವ ದೂರ, 1200 ಮಿ.ಮೀ. ಕೊಳವೆಯ ಬುಡದಲ್ಲಿ ದೊಡ್ಡ ಕನ್ನಡಿ, ಬಾಯಿಯ ಹತ್ತಿರ 45 ಡಿಗ್ರಿ ಓರೆಯಾಗಿ ಕೂರಿಸಿದ ಚಿಕ್ಕ ಕನ್ನಡಿ. ಎರಡರ ಹಿಂದೆಯೂ ಮೂರು ಮೂರು ಸ್ಕ್ರೂ. ಈ ಎರಡು ಕನ್ನಡಿಗಳು ಒಂದಕ್ಕೊಂದು ಸರಿಯಾಗಿ ಮುಖ ಮಾಡಿರಬೇಕು, ಅದಕ್ಕೆ ಕಾಲಿಮೇಶನ್ ಅನ್ನುತ್ತಾರೆ. ನಮ್ಮ ಘಟ್ಟದ ರಸ್ತೆಗಳಲ್ಲಿ ಕಾರಿನ ಡಿಕ್ಕಿಯಲ್ಲಿ ಮಲಗಿಸಿಕೊಂಡು ಕುಂದಾದ್ರಿ ಬೆಟ್ಟಕ್ಕೆ ಹೋಗಿ ಬನ್ನಿ, ಅದು ತಪ್ಪಿರುತ್ತದೆ. ಹಾಗಾಗಿ ಲೇಸರ್ ಕಾಲಿಮೇಟರ್ ಒಂದನ್ನು ತರಿಸಿದೆ. ಯಾವ ಅಂಗಡಿ ಅಂತ ಕೇಳಬೇಡಿ. ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ, ಹಾಕುವ ತೂತಿಗೆ ಅದನ್ನು ತುರುಕಿದರೆ ಕೆಂಪು ಚುಕ್ಕಿ ಚಿಕ್ಕ ಕನ್ನಡಿಗೆ ಬಡಿದು ದೊಡ್ಡ ಕನ್ನಡಿಯ ಮೇಲೆ ಬೀಳುತ್ತದೆ. ದೊಡ್ಡ ಕನ್ನಡಿಯ ನಟ್ಟನಡುವೆ ಒಂದು ಸಣ್ಣ ಉಂಗುರ ಅಂಟಿಸಿರುತ್ತಾರೆ. ಚಿಕ್ಕ ಕನ್ನಡಿಯ ಸ್ಕ್ರೂ ತಿರುಗಿಸಿ ಚುಕ್ಕಿಯನ್ನು ಆ ಉಂಗುರದೊಳಗೆ ತರಬೇಕು. ಆಮೇಲೆ ದೊಡ್ಡ ಕನ್ನಡಿಯ ಸ್ಕ್ರೂ ತಿರುಗಿಸಿ, ವಾಪಸು ಬರುವ ಚುಕ್ಕಿಯನ್ನು ಅದು ಹೊರಟ ತೂತಿಗೇ ಸೇರಿಸಬೇಕು. ಐದು ನಿಮಿಷದ ಕೆಲಸ.

ಐದು ನಿಮಿಷದಲ್ಲೇ ಮುಗಿಸಿದೆ. ಆ ರಾತ್ರಿ ಗುರುಗ್ರಹ ನೋಡಿದರೆ ಪಟ್ಟೆಗಳೇ ಇಲ್ಲ, ಕಲಸಿದ ಹಿಟ್ಟಿನ ಹಾಗೆ. ಮಾರನೇ ದಿನ ಮತ್ತೆ ಮಾಡಿದೆ, ಇನ್ನಷ್ಟು ಜಾಗ್ರತೆಯಿಂದ. ಅದೇ ಹಿಟ್ಟು. ಒಂದು ನಕ್ಷತ್ರವನ್ನು ಬೇಕಂತಲೇ ಫೋಕಸ್ ತಪ್ಪಿಸಿ ನೋಡಿದರೆ ಒಂದರೊಳಗೊಂದು ಉಂಗುರಗಳು ಕಾಣಬೇಕು, ಬಳೆಯೊಳಗೆ ಬಳೆ ಇಟ್ಟ ಹಾಗೆ. ನನಗೆ ಕಂಡಿದ್ದು ಎಲ್ಲ ಬಳೆಗಳೂ ಒಂದೇ ಕಡೆ ಜಾರಿದ ಹಾಗೆ. ಮೂರನೇ ರಾತ್ರಿ ಅಪ್ಪಯ್ಯ ಅಂಗಳಕ್ಕೆ ಬಂದು ಸ್ವಲ್ಪ ಹೊತ್ತು ನಿಂತರು. "ಆ ದೀಪ ಸರಿ ಉಂಟು ಅಂತ ಹೇಳಿದ್ದು ಯಾರು?" ಅಂತ ಕೇಳಿ ಒಳಗೆ ಹೋದರು. ಅವರಿಗೆ ಟೆಲಿಸ್ಕೋಪ್ ಗೊತ್ತಿಲ್ಲ. ಆದರೆ ತಕ್ಕಡಿ ಗೊತ್ತು. ಅಡಿಕೆ ತೂಗಿಸುವ ಮುಂಚೆ ಖಾಲಿ ತಕ್ಕಡಿ ನೋಡುವ ಜಾತಿ ಅವರದ್ದು.

ಲೇಸರನ್ನು ಆ ತೂತಿನಲ್ಲೇ ಇಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿಸಿದೆ. ಚುಕ್ಕಿ ಉಂಗುರದಲ್ಲಿ ನಿಲ್ಲಲಿಲ್ಲ. ದೊಡ್ಡ ಕನ್ನಡಿಯ ಮೇಲೆ ಎರಡು ಬೆರಳು ಅಗಲದ ಒಂದು ವೃತ್ತ ಬರೆಯಿತು! ಬೆಳಕು ನೇರವಾಗಿಯೇ ಹೋಗುತ್ತಿತ್ತು, ಆದರೆ ಅದು ತನ್ನ ಗೂಡಿನೊಳಗೆ ಓರೆಯಾಗಿ ಕೂತಿತ್ತು. ಅರ್ಧ ಡಿಗ್ರಿ ಓರೆ ಇದ್ದರೂ 1200 ಮಿ.ಮೀ. ದೂರಕ್ಕೆ 10 ಮಿ.ಮೀ. ತಪ್ಪುತ್ತದೆ. ಮೂರು ರಾತ್ರಿ ನಾನು ಮಾಡಿದ್ದು ಸರಿ ಇದ್ದ ಕನ್ನಡಿಯನ್ನು ಸೊಟ್ಟ ಲೇಸರಿಗೆ ತಕ್ಕಂತೆ ಸೊಟ್ಟ ಮಾಡುವ ಕೆಲಸ.

ಅದನ್ನು ಸರಿಮಾಡುವುದು ಹೀಗೆ. ಒಂದು ಹಲಗೆಗೆ ಎರಡು ಜೊತೆ ಮೊಳೆ ಹೊಡೆಯಿರಿ, ಪ್ರತಿ ಜೊತೆಯೂ ಕವೆಯ ಹಾಗೆ ಇರಲಿ. ಆ ಕವೆಗಳ ಮೇಲೆ ಲೇಸರ್ ಮಲಗಿಸಿ ಚುಕ್ಕಿಯನ್ನು ಏಳೆಂಟು ಮೀಟರ್ ದೂರದ ಗೋಡೆಗೆ ಬಿಡಿ. ಕವೆಯಲ್ಲೇ ಉರುಳಿಸಿದರೆ ಗೋಡೆಯ ಮೇಲೆ ವೃತ್ತ ಮೂಡುತ್ತದೆ. ಲೇಸರಿನ ಮೈಯಲ್ಲಿ ಮೂರು ಸಣ್ಣ ಸ್ಕ್ರೂ ಇರುತ್ತವೆ, ಕೆಲವು ಕಂಪನಿಗಳು ಮೇಲೆ ಅಂಟು ತುಂಬಿ ಮುಚ್ಚಿರುತ್ತವೆ. ಅಂಟು ಕೆರೆದು ಅಲೆನ್ ಕೀಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ವೃತ್ತವನ್ನು ಚಿಕ್ಕದು ಮಾಡುತ್ತಾ ಬನ್ನಿ. ಚುಕ್ಕಿ ತಿರುಗಿಸಿದರೂ ನಿಂತಲ್ಲೇ ನಿಲ್ಲಬೇಕು. ನನಗೆ ಒಂದು ಇಡೀ ಭಾನುವಾರ ಹಿಡಿಯಿತು.

ಅಷ್ಟು ತಾಳ್ಮೆ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಲೇಸರಿನ ಮುಂದೆ ಒಂದು ಬಾರ್ಲೋ ಲೆನ್ಸ್ ಹಾಕಿ. ಚುಕ್ಕಿ ಹರಡಿ ದೊಡ್ಡ ಬೆಳಕಾಗುತ್ತದೆ, ದೊಡ್ಡ ಕನ್ನಡಿಯ ನಡುವಿನ ಉಂಗುರದ ನೆರಳು ವಾಪಸು ಬಂದು ಲೇಸರಿನ ಮುಖದ ಮೇಲೆ ಬೀಳುತ್ತದೆ. ಆ ನೆರಳನ್ನು ನಡುವಿಗೆ ತಂದರೆ ಆಯಿತು. ಲೇಸರ್ ಸ್ವಲ್ಪ ಓರೆ ಇದ್ದರೂ ನೆರಳಿಗೆ ಅದರ ಹಂಗಿಲ್ಲ. ಇದು ದೊಡ್ಡ ಕನ್ನಡಿಗೆ ಮಾತ್ರ, ಚಿಕ್ಕ ಕನ್ನಡಿಗೆ ಬರುವುದಿಲ್ಲ. ಫೋಕಲ್ ಲೆಂತನ್ನು ದೊಡ್ಡ ಕನ್ನಡಿಯ ಅಗಲದಿಂದ ಭಾಗಿಸಿದರೆ ಎಫ್ ಸಂಖ್ಯೆ ಸಿಗುತ್ತದೆ. ನಿಮ್ಮದು ನನ್ನದರ ಹಾಗೆ ಎಫ್/8 ಆಗಿದ್ದರೆ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ಎಫ್/5 ಆದರೆ ಚಿತ್ರ ಚೆನ್ನಾಗಿ ಕಾಣುವ ಜಾಗವೇ ಅದರ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಆಗ ಸೋಮಾರಿತನ ನಡೆಯುವುದಿಲ್ಲ. ಇನ್ನೊಂದು ಮಾತು, ಚುಕ್ಕಿ ನೋಡುವಾಗ ಕೊಳವೆಯ ಬಾಯಿಗೆ ನೇರ ಮುಖ ಕೊಡಬೇಡಿ. ಓರೆಯಿಂದ ನೋಡಿ. ತಪ್ಪಿದ ಬೆಳಕು ಆ ಬಾಯಿಂದಲೇ ಹೊರಗೆ ಬರುವುದು.

ಈಗ ಸುಣ್ಣದ ಪಟ್ಟೆಯ ಕಡೆ ಬರೋಣ.

ನಕ್ಷತ್ರಗಳ ಹಿಂದೆ ಟೆಲಿಸ್ಕೋಪ್ ತಾನೇ ತಿರುಗುತ್ತಾ ಹೋಗಬೇಕಾದರೆ ಇಕ್ವಟೋರಿಯಲ್ ಮೌಂಟ್ ಅನ್ನುವ ಪೀಠ ಬೇಕು. ಅದಕ್ಕೊಂದು ಅಕ್ಷ ಇರುತ್ತದೆ, ಆ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು, ಅಂದರೆ ಆಕಾಶದ ಉತ್ತರ ಧ್ರುವಕ್ಕೆ ಮುಖ ಮಾಡಿರಬೇಕು. ಯುರೋಪಿನವರಿಗೆ ಧ್ರುವ ನಕ್ಷತ್ರ ಸಾಕಷ್ಟು ಎತ್ತರದಲ್ಲಿ, ಆರಾಮಾಗಿ ಕಾಣುತ್ತದೆ. ಶಿವಮೊಗ್ಗದ ಅಕ್ಷಾಂಶ ಸುಮಾರು 14 ಡಿಗ್ರಿ, ಹಾಗಾಗಿ ಧ್ರುವ ನಕ್ಷತ್ರವೂ ದಿಗಂತದಿಂದ ಬರೀ 14 ಡಿಗ್ರಿ ಮೇಲೆ. ಕೈ ಮುಂದೆ ಚಾಚಿ ಮುಷ್ಟಿ ಹಿಡಿದರೆ ಒಂದೂವರೆ ಮುಷ್ಟಿ ಅಷ್ಟೇ. ಮೇಲಾಗಿ ಅದು ಅಂತಹ ಹೊಳೆಯುವ ನಕ್ಷತ್ರವೂ ಅಲ್ಲ, ಧ್ರುವ ಅಂದರೆ ಎಲ್ಲಕ್ಕಿಂತ ದೊಡ್ಡದು ಅಂದುಕೊಂಡು ಹುಡುಕುವವರು ನಿರಾಶರಾಗುತ್ತಾರೆ. ಮೌಂಟಿನ ಅಕ್ಷದೊಳಗೆ ಒಂದು ಪುಟ್ಟ ದುರ್ಬೀನು ಇಟ್ಟಿರುತ್ತಾರೆ, ಅದರಲ್ಲಿ ಕಣ್ಣಿಟ್ಟು ಧ್ರುವ ನೋಡಬೇಕು. 14 ಡಿಗ್ರಿ ಓರೆಯಲ್ಲಿ ಅದರೊಳಗೆ ನೋಡಬೇಕಾದರೆ ಇಬ್ಬನಿ ಬಿದ್ದ ಅಂಗಳದಲ್ಲಿ ಮೊಣಕಾಲೂರಿ, ಕತ್ತು ತಿರುಚಿ, ಹೆಚ್ಚುಕಮ್ಮಿ ಸಾಷ್ಟಾಂಗ ಹಾಕಬೇಕು. ನನಗೀಗ ಐವತ್ತು ದಾಟಿದೆ.

ಆ ದುರ್ಬೀನು ತೆಗೆದು ಅದೇ ತೂತಿಗೆ ಹಸಿರು ಲೇಸರ್ ಹಾಕಿದೆ. ಪಿವಿಸಿ ಪೈಪಿನ ಒಂದು ತುಂಡು, ಅದಕ್ಕೆ ಸುತ್ತ ಮೂರು ಸ್ಕ್ರೂ, ನಡುವೆ ಲೇಸರ್, ಇಷ್ಟೇ ಸಾಮಾನು. ಈಗ ಅಕ್ಷವೇ ಆಕಾಶಕ್ಕೆ ಗೆರೆ ಎಳೆಯುತ್ತದೆ. ನಿಂತುಕೊಂಡೇ ಮೌಂಟನ್ನು ಆಚೀಚೆ, ಮೇಲೆ ಕೆಳಗೆ ಸರಿಸಿ ಗೆರೆಯನ್ನು ಧ್ರುವಕ್ಕೆ ತಂದರಾಯಿತು.

ಆದರೆ ಅಪ್ಪಯ್ಯನ ತಕ್ಕಡಿ ಪ್ರಶ್ನೆ ಇಲ್ಲೂ ಇದೆ ಅಲ್ವಾ? ಸಂಜೆ ಇಪ್ಪತ್ತು ಮೀಟರ್ ದೂರದ ಕೊಟ್ಟಿಗೆ ಗೋಡೆಗೆ ಲೇಸರ್ ಬಿಟ್ಟು, ಮೌಂಟಿನ ಅಕ್ಷವನ್ನು ಕೈಯಲ್ಲಿ ತಿರುಗಿಸಿದೆ. ಗೋಡೆಯ ಮೇಲೆ ಒಂದು ಗೇಣು ಅಗಲದ ವೃತ್ತ. ಅಂದರೆ ಲೇಸರ್ ಅಕ್ಷಕ್ಕಿಂತ ಸುಮಾರು ಮೂರನೇ ಒಂದು ಡಿಗ್ರಿ ಓರೆ. ಚುಕ್ಕಿಯನ್ನು ವೃತ್ತದ ನಡುವಿಗೆ ತರುವ ಹಾಗೆ ಮೂರು ಸ್ಕ್ರೂ ತಿರುಗಿಸಿದೆ, ಮತ್ತೆ ಅಕ್ಷ ತಿರುಗಿಸಿದೆ, ಮತ್ತೆ ಸ್ಕ್ರೂ. ನಾಲ್ಕೈದು ಸಲಕ್ಕೆ ವೃತ್ತ ಹೆಸರುಕಾಳಿನಷ್ಟಕ್ಕೆ ಇಳಿಯಿತು. ಅಲ್ಲಿಗೆ ಸಾಕು. ಲೇಸರ್ ಅಕ್ಷದ ನಟ್ಟನಡುವೆಯೇ ಇರಬೇಕಂತಿಲ್ಲ, ಒಂದೆರಡು ಮಿ.ಮೀ. ಪಕ್ಕದಲ್ಲಿದ್ದರೆ ಆಕಾಶಕ್ಕೇನೂ ವ್ಯತ್ಯಾಸ ಇಲ್ಲ. ದಿಕ್ಕು ಒಂದಾಗಿರಬೇಕು, ಅಷ್ಟೇ.

ಇನ್ನೊಂದು ಸೂಕ್ಷ್ಮ ಇದೆ. ಧ್ರುವ ನಕ್ಷತ್ರ ನಿಜವಾದ ಧ್ರುವದಲ್ಲಿ ಇಲ್ಲ. ಅದಕ್ಕೆ ಸುಮಾರು 0.65 ಡಿಗ್ರಿ ಪಕ್ಕದಲ್ಲಿದ್ದುಕೊಂಡು ಅದೂ ದಿನಕ್ಕೊಂದು ಸುತ್ತು ಹಾಕುತ್ತದೆ. ಹೊಸ ವರ್ಷದ ಹೊತ್ತಿಗೆ, ಅಂದರೆ ನಮ್ಮ ಕಡೆ ಆಕಾಶ ತಿಳಿಯಾಗಿರುವ ಕಾಲಕ್ಕೆ, ರಾತ್ರಿ ಎಂಟೂಮುಕ್ಕಾಲು ಒಂಬತ್ತರ ಸುಮಾರಿಗೆ ಅದು ಧ್ರುವದ ನೇರ ಮೇಲೆ ಇರುತ್ತದೆ. ಹಾಗಾಗಿ ಆ ದಿನಗಳಲ್ಲಿ ಗೆರೆಯನ್ನು ನಕ್ಷತ್ರಕ್ಕಿಂತ ಒಂದೂಕಾಲು ಚಂದ್ರನಷ್ಟು ಕೆಳಗೆ ನಿಲ್ಲಿಸಿ. ಸುಮ್ನೆ ನೋಡುವವರಿಗೆ ಇದೂ ಬೇಡ, ನಕ್ಷತ್ರಕ್ಕೇ ಬಿಟ್ಟರೂ ನಡೆಯುತ್ತದೆ. ಹತ್ತು ನಿಮಿಷದ ಫೋಟೋ ತೆಗೆಯುವವರಿಗೆ ಲೇಸರ್ ಬರೀ ಶುರು, ಆಮೇಲೆ ಬೇರೆ ದಾರಿಗಳಿವೆ, ಅದು ಇನ್ನೊಂದು ದಿನದ ಮಾತು.

ಎಲ್ಲ ಸರಿ. ಆದರೆ ನಮ್ಮ ಅಂಗಳದಿಂದ ಧ್ರುವ ಕಾಣುವುದೇ ಇಲ್ಲ! ಉತ್ತರಕ್ಕೆ ತೋಟ. 15 ಮೀಟರಿನ ಅಡಿಕೆ ಮರದ ತಲೆಯ ಮೇಲಿಂದ 14 ಡಿಗ್ರಿ ಎತ್ತರದ ನಕ್ಷತ್ರ ಕಾಣಬೇಕಾದರೆ ಮರದಿಂದ 60 ಮೀಟರ್ ಹಿಂದೆ ನಿಲ್ಲಬೇಕು. ನಮ್ಮ ಅಂಗಳದ ಅಂಚಿಗೆ ತೋಟ, ಇನ್ನೊಂದು ಅಂಚಿಗೆ ಮನೆ. ಅಡಿಕೆ ಹರವುವ ಅಂಗಳದಷ್ಟು ಒಳ್ಳೆಯ ಸಮತಟ್ಟು ಜಾಗ ಮಲೆನಾಡಲ್ಲಿ ಬೇರೆಲ್ಲಿ ಸಿಗಬೇಕು, ಬಿಡಲು ಮನಸ್ಸಿಲ್ಲ.

ಹಾಗಾಗಿ ಹಗಲಲ್ಲೇ ಉತ್ತರ ಹುಡುಕಿದೆ. ಕಂಪಾಸ್ ಬೇಡ, ಪಕ್ಕದಲ್ಲಿ ಸ್ಟೀಲ್ ಟ್ರೈಪಾಡ್ ಇದ್ದರೆ ಅದರ ಮುಳ್ಳಿಗೆ ತಲೆ ಕೆಡುತ್ತದೆ. ಅಂಗಳದಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ಸೀಮೆಸುಣ್ಣಕ್ಕೆ ದಾರ ಕಟ್ಟಿ ಒಂದು ವೃತ್ತ ಬರೆದೆ. ಬೆಳಿಗ್ಗೆ ನೆರಳಿನ ತುದಿ ಒಳಗೆ ಬರುವಾಗ ವೃತ್ತವನ್ನು ಎಲ್ಲಿ ಮುಟ್ಟಿತು, ಮಧ್ಯಾಹ್ನದ ಮೇಲೆ ಹೊರಗೆ ಹೋಗುವಾಗ ಎಲ್ಲಿ ಮುಟ್ಟಿತು, ಎರಡು ಗುರುತು. ಅವೆರಡನ್ನು ಸೇರಿಸಿದರೆ ಪೂರ್ವ ಪಶ್ಚಿಮ, ಅದಕ್ಕೆ ಅಡ್ಡ ಎಳೆದರೆ ಉತ್ತರ. ಶಂಕು ನೆಟ್ಟು ದಿಕ್ಕು ನೋಡುವ ಹಳೇ ಕ್ರಮ ಇದು, ಗಡಿಯಾರ ಬೇಡ. ಗಡಿಯಾರ ನೋಡುವುದಾದರೆ ಶಿವಮೊಗ್ಗದಲ್ಲಿ ನೆತ್ತಿ ಮೇಲೆ ಸೂರ್ಯ ಬರುವುದು 12 ಗಂಟೆಗಲ್ಲ, ಸರಾಸರಿ 12.28ಕ್ಕೆ, ಅದೂ ತಿಂಗಳಿಗೆ ತಕ್ಕಂತೆ ಕಾಲು ಗಂಟೆ ಹಿಂದೆ ಮುಂದೆ. ಡಿಸೆಂಬರ್ ಜನವರಿಯಲ್ಲಿ ಮಾಡಿ, ನೆರಳು ಉದ್ದ ಇರುತ್ತದೆ. ಏಪ್ರಿಲ್ ಕೊನೆಯಲ್ಲಿ ಮಾಡಲು ಹೋದರೆ ಮಧ್ಯಾಹ್ನ ನೆರಳೇ ಇರುವುದಿಲ್ಲ.

ಉತ್ತರದ ಗೆರೆಗೆ ಹಗ್ಗ ಹಿಡಿದು ತೋಟದ ತನಕ ಹೋದರೆ ಅದು ಎರಡು ಮರಗಳ ನಡುವೆ ನುಸುಳಿತು. ಮರ ಸರಿಸಲು ಆಗುವುದಿಲ್ಲವಲ್ಲ, ಟ್ರೈಪಾಡ್ ಇಡುವ ಜಾಗವನ್ನೇ ಎರಡು ಮೊಳ ಪಕ್ಕಕ್ಕೆ ಸರಿಸಿದೆ. ಹಗ್ಗ ನೇರ ಒಂದು ಮರದ ಬುಡಕ್ಕೆ ಬಂತು, ದೂರ ಅಳೆದರೆ 20 ಮೀಟರ್. 14 ಡಿಗ್ರಿ ಏರಿದರೆ 20 ಮೀಟರಿಗೆ 5 ಮೀಟರ್. ಅಂದರೆ ಮೌಂಟಿನ ಮಟ್ಟದಿಂದ 5 ಮೀಟರ್ ಮೇಲೆ, ಆ ಮರದ ಮೈಮೇಲೆ, ಅದರ ಹಿಂದೆ ಅಡಗಿರುವ ಧ್ರುವ. ಅಡಿಕೆ ಮರ ಹತ್ತುವ ಕೊನೆಗಾರ ಗೊನೆ ಇಳಿಸಲು ಬಂದಿದ್ದ. ಸುಣ್ಣದ ಡಬ್ಬಿ ಕೊಟ್ಟೆ, ಸೊಂಟಕ್ಕೆ ಟೇಪ್ ಕಟ್ಟಿಕೊಂಡು ಹತ್ತಿದ. "ಇಲ್ಲೇನಾ? ಇನ್ನೂ ಸ್ವಲ್ಪ ಮೇಲಾ?" ಅಂತ ಕೇಳುತ್ತಾ ಬಳಿದ. ಈಗ ರಾತ್ರಿ ಟ್ರೈಪಾಡಿನ ಮೂರು ಕಾಲನ್ನು ಅಂಗಳದ ಮೂರು ಗುರುತಿನ ಮೇಲೆ ಇಡುತ್ತೇನೆ, ಲೇಸರ್ ಒತ್ತುತ್ತೇನೆ, ಹಸಿರು ಚುಕ್ಕಿ ಪಟ್ಟೆಯ ನಡುವೆ ಬಂದರೆ ಮುಗಿಯಿತು. ಮರದ ದಪ್ಪವೇ ಅರ್ಧ ಡಿಗ್ರಿಗಿಂತ ಕಡಿಮೆ, ಹಾಗಾಗಿ ತಪ್ಪಿದರೂ ಜಾಸ್ತಿ ತಪ್ಪುವುದಿಲ್ಲ. ಗಾಳಿ ಜೋರಿದ್ದ ದಿನ ಮಾತ್ರ ನಮ್ಮನೆ ಧ್ರುವ ಅಲ್ಲಾಡುತ್ತದೆ.

ಅಪಾಯದ ಮಾತು ಹೇಳದೇ ಬಿಡುವ ಹಾಗಿಲ್ಲ. ಲೇಸರ್ ಗೆರೆ ಕಡ್ಡಿಯ ಹಾಗೆ ತೆಳ್ಳಗೆ ಕಂಡರೂ ದೂರ ಹೋದ ಹಾಗೆ ಹರಡುತ್ತದೆ. ಐದು ಕಿಲೋಮೀಟರ್ ಆಚೆ ಅದು ಸುಮಾರು ಐದು ಮೀಟರ್ ಅಗಲ. ವಿಮಾನದ ಗಾಜಿಗೆ ಬಿದ್ದರೆ ಇಡೀ ಗಾಜು ಹಸಿರಾಗಿ ಪೈಲಟ್‌ಗೆ ಮುಂದೇನೂ ಕಾಣದ ಹಾಗಾಗುತ್ತದೆ. 2023ರಿಂದ ಸೋಗಾನೆಯಲ್ಲಿ ನಮಗೂ ವಿಮಾನ ನಿಲ್ದಾಣ ಇದೆ, ದೂರದೂರಿಗೆ ಹೋಗುವ ವಿಮಾನಗಳೂ ನಮ್ಮ ಮೇಲೇ ಹಾರುತ್ತವೆ. ಮಿಣುಕುವ ದೀಪ ಆಕಾಶದಲ್ಲಿ ಎಲ್ಲೇ ಕಂಡರೂ ಗುಂಡಿ ಬಿಡಿ. ಎರಡು ಸೆಕೆಂಡ್ ಒತ್ತುವುದು, ಬಿಡುವುದು, ಅದೇ ರೂಢಿಯಾಗಲಿ. ಐದು ಮಿಲಿವ್ಯಾಟ್ ಸಾಕು. ಅಗ್ಗದ ಹಸಿರು ಲೇಸರ್‌ಗಳ ಮೇಲೆ ಐದು ಅಂತ ಬರೆದಿದ್ದರೂ ಒಳಗೆ ಜಾಸ್ತಿ ಇರುವುದುಂಟು. ಅವುಗಳೊಳಗೆ ಮೊದಲು ಕಣ್ಣಿಗೆ ಕಾಣದ 1064 ನ್ಯಾನೋಮೀಟರಿನ ಬೆಳಕು ಹುಟ್ಟಿ, ಆಮೇಲೆ ಒಂದು ಹರಳಿನಲ್ಲಿ ಅದು 532ರ ಹಸಿರಾಗುವುದು. ಮುಂದೆ ಫಿಲ್ಟರ್ ಹಾಕದೆ ಕಾಸು ಉಳಿಸಿದ್ದರೆ ಆ ಕಾಣದ ಬೆಳಕೂ ಹೊರಗೆ ಬರುತ್ತದೆ, ಕಣ್ಣು ಮುಚ್ಚಿಕೊಳ್ಳಬೇಕು ಅಂತ ನಿಮಗೆ ಅನಿಸುವುದೂ ಇಲ್ಲ. ಮಕ್ಕಳ ಕೈಗೆ ಕೊಡಲೇಬೇಡಿ. ಪಕ್ಕದಲ್ಲಿ ಯಾರಾದರೂ ಫೋಟೋ ತೆಗೆಯುತ್ತಿದ್ದರೆ ಕೇಳಿ ಒತ್ತಿ, ಅವರ ಅರ್ಧ ಗಂಟೆಯ ಕೆಲಸ ಕೆಡಿಸಲು ನಿಮ್ಮ ಒಂದು ಗೆರೆ ಸಾಕು. ಚಳಿಗೆ ಈ ಲೇಸರ್ ಮಂಕಾಗುತ್ತದೆ, ಕೆಟ್ಟಿತು ಅಂತ ಎಸೆಯಬೇಡಿ, ಹತ್ತು ನಿಮಿಷ ಜೇಬಿನಲ್ಲಿಟ್ಟುಕೊಳ್ಳಿ.

ಕೊನೆಗೆ ಪ್ರಶ್ನೆಗಳು ಬಂದವು. ದೊಡ್ಡ ವೀಕ್ಷಣಾಲಯಗಳಲ್ಲೂ ಲೇಸರ್ ಬಿಡುತ್ತಾರಲ್ಲ, ಅದೂ ಇದಕ್ಕೇನಾ ಅಂತ ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಅದು ಬೇರೆ. ಚಿಲಿಯ ಪಾರಾನಾಲ್‌ನಲ್ಲಿ 2016ರಿಂದ ನಾಲ್ಕು ಲೇಸರ್ ಒಟ್ಟಿಗೆ ಬಿಡುತ್ತಾರೆ, ಒಂದೊಂದೂ 22 ವ್ಯಾಟ್, ನಮ್ಮದರ ನಾಲ್ಕು ಸಾವಿರ ಪಟ್ಟಿಗೂ ಜಾಸ್ತಿ. 90 ಕಿಲೋಮೀಟರ್ ಮೇಲಿರುವ ಸೋಡಿಯಂ ಪದರ ಅದಕ್ಕೆ ಹೊಳೆದು ಸುಳ್ಳು ನಕ್ಷತ್ರ ಹುಟ್ಟುತ್ತದೆ. ಅದು ಎಷ್ಟು ನಡುಗುತ್ತದೆ ಅಂತ ನೋಡಿ ಗಾಳಿಯ ನಡುಕವನ್ನು ಕಳೆಯುತ್ತಾರೆ.

ಇದರಲ್ಲಿ ಮಂಗ ಓಡಿಸಬಹುದಾ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಎಲ್ಲರೂ ನಕ್ಕರು, ಆದರೆ ತೋಟ ಇರುವವರು ನಗಲಿಲ್ಲ. ಮಂಗನಿಗೂ ಕಣ್ಣಿದೆ, ಬೇಡ ಅಂದೆ.

ಇನ್ನೊಬ್ಬ ಹಿರಿಯರು ಎದ್ದು ನಿಂತರು. "ಅಲ್ಲ ಮಾರಾಯ, ಮರ ಬೆಳೆದ ಹಾಗೆ ನಿನ್ನ ಪಟ್ಟೆಯೂ ಮೇಲೆ ಹೋಗುವುದಿಲ್ವಾ?" ನಾನೂ ಇದೇ ಪ್ರಶ್ನೆಯನ್ನು ಕೊನೆಗಾರನಿಗೆ ಕೇಳಿದ್ದೆ. ಅಡಿಕೆ ಬೆಳೆಯುವುದು ತಲೆಯಲ್ಲಿ, ಕಾಂಡ ಇದ್ದಲ್ಲೇ ಇರುತ್ತದೆ ಅಂತ ಅವನು ನನ್ನನ್ನು ಒಂಥರಾ ನೋಡಿದ್ದ. ಪಟ್ಟೆ ಮೇಲೆ ಹೋಗುವುದಿಲ್ಲ. ಆದರೆ ನಮ್ಮ ಮಳೆಗೆ ವರ್ಷಾ ವರ್ಷ ತೊಳೆದು ಹೋಗುತ್ತದೆ, ಈ ಸಲವೂ ಹೋಗಿದೆ. ಕೊಯ್ಲಿಗೆ ಅವನು ಬರುವ ತನಕ ನಮ್ಮನೆಗೆ ಧ್ರುವ ಇಲ್ಲ.